ಪೆಕ್ಟೋಪಾಹ್

ಬೋಧನಾಭ್ಯಾಸದ ಪಾಠ ವೀಕ್ಷಣೆಗೆಂದು ಬಿಟಿಎಂ ಲೇಔಟ್‌ನ ಶಾಲೆಯೊಂದಕ್ಕೆ ಹೋಗಿದ್ದೆ. ಆರನೇ ತರಗತಿ. ಹಿಂದಿ ಮನೆಮಾತಿನ, ಬೆಂಗಳೂರಿಗೆ ಬಂದು ವರ್ಷವೂ ಆಗದ ಹುಡುಗಿಯೊಬ್ಬಳು ‘ಪುಸ್ತಕ ಕೊಡು’ ಎಂಬುದನ್ನು ‘ಪುಸ್ತಕ ಕೋಡು’ ಎಂದು ಓದಿದಳು. ತರಗತಿ ನಕ್ಕಿತು. ಪ್ರಶಿಕ್ಷಣಾರ್ಥಿ ಎರಡು ಸಲ ತಿದ್ದಿ, ಮೂರನೆಯ ಸಲ “ಇಷ್ಟೂ ಬರಲ್ವೇನಮ್ಮ?” ಎಂದರು. ಆ ಅವಧಿ ಮುಗಿಯುವವರೆಗೆ ಅವಳು ಮತ್ತೆ ಬಾಯಿ ಬಿಡಲಿಲ್ಲ. ವೀಕ್ಷಣಾ ಪತ್ರದ ‘ದೋಷ ತಿದ್ದುವಿಕೆ’ ಕಲಮಿಗೆ ನಾನೂ ಒಳ್ಳೆಯ ಅಂಕವನ್ನೇ ಹಾಕಿ ಬಂದೆ.

ಮರುವಾರ ಜಯನಗರದ ನಮ್ಮ ಕಾಲೇಜಿನಲ್ಲಿ ಕಪ್ಪುಹಲಗೆಯ ಮೇಲೆ ಒಂದು ರಷ್ಯನ್ ಪದವನ್ನು ದೊಡ್ಡಕ್ಷರಗಳಲ್ಲಿ ಬರೆದೆ. ಎಲ್ಲರೂ ಇಂಗ್ಲಿಷ್ ಬಲ್ಲವರು. ಧೈರ್ಯವಾಗಿ ‘ಪೆಕ್ಟೋಪಾಹ್’ ಎಂದು ಓದಿದರು. ಅದು ‘ರೆಸ್ತೊರಾನ್’, ನಮ್ಮ ರೆಸ್ಟೋರೆಂಟೇ. ಅಲ್ಲಿ ‘ಪಿ’ಯಂತೆ ಕಾಣುವುದು ರ, ‘ಸಿ’ಯಂತೆ ಕಾಣುವುದು ಸ, ‘ಎಚ್’ನಂತೆ ಕಾಣುವುದು ನ. ಬಲ್ಲ ಲಿಪಿಯೇ ದಾರಿ ತಪ್ಪಿಸಿತ್ತು. ಆ ಹುಡುಗಿಗೂ ಆದದ್ದು ಇದೇ. ಹಿಂದಿ ಬರವಣಿಗೆಯಲ್ಲಿ ಹ್ರಸ್ವ ‘ಒ’ಗೆ ಬೇರೆ ಚಿಹ್ನೆಯಿಲ್ಲ, ತನಗೆ ಗೊತ್ತಿದ್ದ ನಿಯಮದಂತೆ ಅವಳು ಸರಿಯಾಗಿಯೇ ಓದಿದ್ದಳು.

ಬೋಧನಾಭ್ಯಾಸಕ್ಕೆ ಹೊರಡುವ ಮೊದಲು ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಅರಿಯದ ಲಿಪಿಯೊಂದರ ಮುಂದೆ ಒಂದು ಗಂಟೆ ಕೂರಬೇಕೆಂದು ನಾನು ಹೇಳುವುದು ಇದಕ್ಕೇ. ರಷ್ಯನ್ನಿನ 33 ಅಕ್ಷರಗಳನ್ನು ನಾನೇ ಕಲಿಯಹೊರಟಾಗ ಜೀರುಂಡೆಯಂಥ ವಿಚಿತ್ರ ಅಕ್ಷರಗಳು ಬೇಗ ಕೈಹಿಡಿದವು. ಪರಿಚಿತ ಮುಖದವು ವಾರಗಟ್ಟಲೆ ಕಾಡಿದವು. ಆಕಾರವೂ ದನಿಯೂ ಇಂಗ್ಲಿಷಿಗೆ ಹೊಂದುವ ಐದಾರು ಅಕ್ಷರಗಳಿಂದ ಆರಂಭಿಸಿದ್ದರಿಂದ ‘ಮಾಮ’, ‘ಆತಮ್’, ‘ಕೋತ್’ ಎಂಬ ಪದಗಳನ್ನು ಮೊದಲ ದಿನವೇ ಓದಿದೆ. (ಕೋತ್ ಎಂದರೆ ಬೆಕ್ಕು!) ನಮ್ಮ ಒಂದನೇ ತರಗತಿಯ ‘ರ ಗ ಸ ದ ಅ’ ಕ್ರಮದ ವಿವೇಕವೂ ಇದೇ: ಬೇಗ ಪದ ಸಿಗಬೇಕು. ಆದರೆ ಹನ್ನೊಂದು ವರ್ಷದ ಹೊಸಬರ ಕೈಗೆ ನಾವು 49 ಅಕ್ಷರಗಳ ಪಟ್ಟಿಯನ್ನೇ ಕೊಡುತ್ತೇವೆ.

ಸಮಯವೆಲ್ಲಿದೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಪಾಠಯೋಜನೆಯ ಅಂಚಿಗೆ ಗೆರೆ ಎಳೆಯುವುದಕ್ಕೆ ನಾವು ಕೊಡಿಸುವ ಸಮಯ ಅದಕ್ಕಿಂತ ಹೆಚ್ಚು. ರಷ್ಯನ್ ಕನ್ನಡದಷ್ಟು ಕಷ್ಟವಲ್ಲ, ಒತ್ತಕ್ಷರಗಳಿಲ್ಲ ಎಂಬುದು ನಿಜ. ಅಷ್ಟು ಸುಲಭದ್ದರಲ್ಲೇ ನಾವು ಎಡವಿದೆವಲ್ಲ! ಇನ್ನೊಂದು ಮಾತು. ಈಗ ನಾನು ರಷ್ಯನ್ ಸಾಲನ್ನು ತಡವರಿಸದೆ ಉಚ್ಚರಿಸಬಲ್ಲೆ. ಅರ್ಥ ಮಾತ್ರ ಸೊನ್ನೆ. ನಮ್ಮ ಗಟ್ಟಿವಾಚನ ಪರೀಕ್ಷೆಯಲ್ಲಿ ನನಗೆ ಪೂರ್ಣಾಂಕ ಸಿಕ್ಕೀತು.

ವೀಕ್ಷಣಾ ಪತ್ರದಲ್ಲಿ ‘ಮಗು ಹೀಗೇಕೆ ಓದಿತು?’ ಎಂಬ ಕಲಮು ಸೇರಬೇಕು. ಅದೇ ಪ್ರಶಿಕ್ಷಣಾರ್ಥಿ ಮುಂದಿನ ಪಾಠದಲ್ಲಿ ‘ಕೊಡು’, ‘ಕೋಡು’ ಎರಡನ್ನೂ ಅಕ್ಕಪಕ್ಕ ಬರೆದು, ಒಂದರ ಕೆಳಗೆ ಕೈಯನ್ನೂ ಇನ್ನೊಂದರ ಕೆಳಗೆ ಹಸುವನ್ನೂ ಬಿಡಿಸಿದರು. ಹುಡುಗಿ ಎದ್ದು ಬಂದು, ಹಸುವಿನ ಕೊಂಬಿನ ಮೇಲೆ ಬೆರಳಿಟ್ಟು ಓದಿದಳು.