ಬಾವುಟದ ಮೇಲೆ ಮಂಗಳೂರು

ಪಾಳಾದಿಂದ ಮೂಡಲಿಗೆ ಹೊರಟರೆ ಮಲೆನಾಡು ಹಿಂದೆ ಸರಿದು ಬಂಕಾಪುರ, ಸವಣೂರುಗಳ ಬಯಲು ತೆರೆದುಕೊಳ್ಳುತ್ತದೆ. 1800ರ ಮಳೆಗಾಲದಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ದಂಡು ಧೋಂಡಿಯಾ ವಾಘನನ್ನು ಬೆನ್ನಟ್ಟಿ ಅಲೆದದ್ದು ಈ ಸೀಮೆಯಲ್ಲೇ. ವೆಲ್ಲೆಸ್ಲಿಯ ಪತ್ರಗಳಲ್ಲಿ ನಮ್ಮ ಹಳಿಯಾಳದ ಹೆಸರೂ ಬರುತ್ತದೆ. ಆ ದಂಡಿನ ಕಾಲಾಳುಗಳಲ್ಲಿ 73ನೆಯ ರೆಜಿಮೆಂಟು ಒಂದು. ಅದು ಸ್ಕಾಟ್ಲೆಂಡಿನ ಗುಡ್ಡಗಾಡಿನವರ ಪಡೆ. ಎಲ್ಲಿಯ ಗುಡ್ಡ, ಎಲ್ಲಿಯ ಸವಣೂರು!

ಈ ಪಡೆಗೆ ಕನ್ನಡನಾಡು ಹೊಸದಾಗಿರಲಿಲ್ಲ. 'ಬ್ಲ್ಯಾಕ್ ವಾಚ್' ಎಂದು ಹೆಸರಾದ 42ನೆಯ ರೆಜಿಮೆಂಟಿನ ಎರಡನೆಯ ಬೆಟಾಲಿಯನ್ ಆಗಿದ್ದಾಗಲೇ ಅದು ಮಂಗಳೂರಿನ ಕೋಟೆಯಲ್ಲಿ ಸಿಕ್ಕಿಬಿದ್ದಿತ್ತು. 1783ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನ ಮುತ್ತಿಗೆ ಹಾಕಿದ. ಒಳಗಿದ್ದ ಅಧಿಕಾರಿ ಜಾನ್ ಕ್ಯಾಂಪ್‌ಬೆಲ್. ಆಗಸ್ಟಿನಲ್ಲಿ ಕದನವಿರಾಮವಾಯಿತು, ಹಸಿವಿಗೆ ಮಾತ್ರ ವಿರಾಮವಿರಲಿಲ್ಲ. ಅನ್ನವಿಲ್ಲದೆ, ರೋಗದಿಂದ ಜನ ಸತ್ತರು. 1784ರ ಜನವರಿ 30ರಂದು ಕ್ಯಾಂಪ್‌ಬೆಲ್ ಕೋಟೆ ಒಪ್ಪಿಸಿದ. ಟಿಪ್ಪು ಉಳಿದವರನ್ನು ಮರ್ಯಾದೆಯಿಂದಲೇ ಹೊರಗೆ ಬಿಟ್ಟ. ಎರಡು ತಿಂಗಳೊಳಗೆ ಕ್ಯಾಂಪ್‌ಬೆಲ್ ಮುಂಬಯಿಯಲ್ಲಿ ತೀರಿಕೊಂಡ. ಅಲ್ಲಿನ ಸೇಂಟ್ ಥಾಮಸ್ ಕೆಥೆಡ್ರಲ್‌ನಲ್ಲಿ ಅವನ ಸ್ಮಾರಕವಿದೆ.

1786ರಲ್ಲಿ ಆ ಬೆಟಾಲಿಯನ್ 73ನೆಯ ರೆಜಿಮೆಂಟಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಹತ್ತಿದವರಲ್ಲಿ ಅವರೂ ಇದ್ದರು. 1881ರಲ್ಲಿ ಮತ್ತೆ ಬ್ಲ್ಯಾಕ್ ವಾಚ್ ಸೇರಿದರು. ಹೀಗಾಗಿ ಆ ರೆಜಿಮೆಂಟಿನ ಯುದ್ಧಗೌರವಗಳ ಪಟ್ಟಿಯಲ್ಲಿ ಮಂಗಳೂರು, ಮೈಸೂರು, ಶ್ರೀರಂಗಪಟ್ಟಣ ಮೂರೂ ಸೇರಿವೆ. ಪರ್ತ್ ಊರಿನ ಬಾಲ್‌ಹೌಸಿ ಕೋಟೆಯಲ್ಲಿ ಅದಕ್ಕೊಂದು ವಸ್ತುಸಂಗ್ರಹಾಲಯವೂ ಇದೆ. 2006ರಲ್ಲಿ ರೆಜಿಮೆಂಟು ರಾಯಲ್ ರೆಜಿಮೆಂಟ್ ಆಫ್ ಸ್ಕಾಟ್ಲೆಂಡಿನ ಒಂದು ಬೆಟಾಲಿಯನ್ ಆಗಿ ಕರಗಿತು, ಹೆಸರನ್ನು ಬಿಡಲಿಲ್ಲ.

ತಮ್ಮವರನ್ನು ನೆನೆಯುವುದು ತಪ್ಪಲ್ಲ, ಕಲಿಯಬೇಕಾದ ಗುಣವೇ. ಆದರೆ ಮಂಗಳೂರಿನ ಕೋಟೆಯಲ್ಲಿ ಹಸಿದವರು ಗೋರರು ಮಾತ್ರವೇ? ಅವರ ಪಕ್ಕದಲ್ಲೇ ಮುಂಬಯಿ ಪ್ರಾಂತದ ಸಿಪಾಯಿಗಳಿದ್ದರು. ಅವರ ಪಡೆಗೂ ಮಂಗಳೂರಿನ ಗೌರವ ಸಿಕ್ಕಿತು. ಸತ್ತ ಸಿಪಾಯಿಯ ಹೆಸರು ಯಾವ ಕಲ್ಲಿನ ಮೇಲಿದೆ? ಕ್ಯಾಂಪ್‌ಬೆಲ್ ಗೌರವದಿಂದ ಹಡಗು ಹತ್ತಿದ. ಅದೇ ವರ್ಷ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಕ್ರೈಸ್ತ ಕುಟುಂಬಗಳನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ದೊರೆಗಳ ಲೆಕ್ಕ ಚುಕ್ತಾ ಆಯಿತು. ಬಡ್ಡಿ ಕಟ್ಟಿದವರು ಹೆಂಗಸರು, ಮಕ್ಕಳು.

ಇನ್ನೂರು ವರ್ಷದ ಹಿಂದಿನವರ ಹೆಸರು ಇನ್ನು ಸಿಕ್ಕುವುದು ಕಷ್ಟ. ಆದರೆ ನಮ್ಮ ಕಾಲದವರದು? ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರ ನಮಗೇನು ದೂರವಲ್ಲ. ನಿಮ್ಮೂರಿನಿಂದ ದಂಡಿಗೆ ಹೋದವರೆಷ್ಟು, ಮರಳದವರೆಷ್ಟು? ಮನೆಯ ಅಜ್ಜಿಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಶಾಲೆಯ ಗೋಡೆಯ ಮೇಲೆ ನಾಲ್ಕು ಹೆಸರು ಬರೆಸಲು ಕೋಟೆ ಬೇಕಿಲ್ಲ, ಒಂದು ಡಬ್ಬಿ ಬಣ್ಣ ಸಾಕು.