ತೊದಲು ಬೇರೆ, ಧಾಟಿ ಬೇರೆ

ಹಾಲಹರವಿಯ ಕನ್ನಡ ಶಾಲೆಯ ಮಗುವಿಗೆ ಮನೆಯಲ್ಲಿ ಹಾಲು, ಪೇಟೆಯಲ್ಲಿ ಪಾಲು, ಪಠ್ಯದಲ್ಲಿ ಮಿಲ್ಕ್. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದಂದಿನಿಂದ ಕನ್ನಡದೊಡನೆ ತೆಲುಗನ್ನೂ ಆಡುವುದು ಈ ಸೀಮೆಯವರಿಗೆ ಅನಿವಾರ್ಯವೂ ಹೌದು, ಅನಾಯಾಸವೂ ಹೌದು. ಇಂಗ್ಲಿಷಿನ ಮುಂದೆ ಮಾತ್ರ ತಂದೆತಾಯಿಗಳಿಗೆ ಅಳುಕು. ಉಗ್ಗು, ತೊದಲುಗಳನ್ನು ನೋಡಿಕೊಳ್ಳುತ್ತಿದ್ದ ವಾಕ್ ಚಿಕಿತ್ಸಕರಲ್ಲಿ ಕೆಲವರು ಈಗ ಇಂಗ್ಲಿಷ್ ಉಚ್ಚಾರಣೆಯ ಧಾಟಿಯನ್ನು ತಿದ್ದುವ ತರಬೇತಿಗೂ ಕೈಹಾಕಿರುವುದು ಇಂತಹ ಅಳುಕಿನ ಆಸರೆಯಿಂದಲೇ.

ಈ ಎರಡು ವಿದ್ಯೆಗಳ ನಂಟು ಹಳೆಯದು. ಮುಂದೆ ಆರನೆಯ ಜಾರ್ಜ್ ದೊರೆಯಾದ ಇಂಗ್ಲೆಂಡಿನ ರಾಜಕುಮಾರನ ಉಗ್ಗಿಗೆ 1926ರಲ್ಲಿ ಚಿಕಿತ್ಸೆ ಆರಂಭಿಸಿದ ಆಸ್ಟ್ರೇಲಿಯದ ಲಯೊನೆಲ್ ಲೋಗ್ ವೈದ್ಯನಾಗಿರಲಿಲ್ಲ, ಭಾಷಣಕಲೆಯ ಶಿಕ್ಷಕನಾಗಿದ್ದ. ಅಂದು ಉಚ್ಚಾರಣೆಯ ಉಪಾಧ್ಯಾಯ ಚಿಕಿತ್ಸಕನಾದ. ಇಂದು ಚಿಕಿತ್ಸಕ ಉಪಾಧ್ಯಾಯನಾಗುತ್ತಿದ್ದಾನೆ. ನಾಲಿಗೆ, ತುಟಿ, ಅಂಗುಳಗಳ ಚಲನೆಯನ್ನು ಶಾಸ್ತ್ರೀಯವಾಗಿ ಕಲಿತವರಿಗೆ ಇದು ಸಲ್ಲದ ಕೆಲಸವೇನಲ್ಲ. ಪರದೇಶದ ಗಿರಾಕಿಗಳೊಡನೆ ಮಾತನಾಡಬೇಕಾದ ದೊಡ್ಡವರು ಹಣ ಕೊಟ್ಟು ಕಲಿತರೆ ಅದು ಅವರ ಉದ್ಯೋಗದ ಮಾತು. ಆದರೆ ಶಾಲೆಯ ಮಗುವನ್ನು ಅದೇ ಬಾಗಿಲಿಗೆ ಕರೆದೊಯ್ಯುವಾಗ ರೋಗಕ್ಕೂ ರೂಢಿಗೂ ಇರುವ ಗೆರೆ ಅಳಿಸಿಹೋಗುವ ಅಪಾಯವಿದೆ. ಅಮೆರಿಕದ ವಾಕ್-ಭಾಷಾ-ಶ್ರವಣ ಸಂಘವೇ ನುಡಿಯ ಧಾಟಿಯನ್ನು ದೋಷವೆಂದು ಎಣಿಸುವುದಿಲ್ಲ.

ಆ ಗೆರೆಯನ್ನು ಮನೆಯವರೂ ಬಹುಮಟ್ಟಿಗೆ ಗುರುತಿಸಬಹುದು. ಇಂಗ್ಲಿಷಿನಲ್ಲಿ ಪಶ್ಚಿಮವೆಂಬ ವೆಸ್ಟ್, ಒಳಉಡುಪೆಂಬ ವೆಸ್ಟ್ ಎರಡರ ಮೊದಲ ಧ್ವನಿಗಳು ಬೇರೆ ಬೇರೆ. ಕನ್ನಡಕ್ಕಿರುವುದು ಒಂದೇ ವಕಾರ. ಮಗು ಎರಡನ್ನೂ ಒಂದೇ ಎಂಬಂತೆ ನುಡಿದರೆ, ಬಸ್ಸಿಗೆ ಕೊನೆಯಲ್ಲೊಂದು ಉಕಾರ ಸೇರಿಸಿದರೆ, ಅದು ತಾಯ್ನುಡಿಯ ಮುದ್ರೆ. ಅದೇ ಮಗು ಮನೆಯಲ್ಲಿ ಕನ್ನಡದಲ್ಲಿಯೇ ಕಾಗೆಯನ್ನು ‘ತಾದೆ’ ಎನ್ನುತ್ತಿದ್ದರೆ, ತೆಲುಗಿನಲ್ಲಿಯೂ ಕಕಾರ ತಕಾರವಾಗುತ್ತಿದ್ದರೆ, ಅದು ಧಾಟಿಯಲ್ಲ. ರಕಾರದಂತಹ ಕೆಲವು ಧ್ವನಿಗಳು ತಡವಾಗಿ ಕೂಡುವುದು ಸಹಜವೇ. ಆದರೂ ನಾಲ್ಕು ವರ್ಷ ದಾಟಿದ ಮಗುವಿನ ಮಾತು ಹೊರಗಿನವರಿಗೂ ಹೆಚ್ಚುಕಡಮೆ ತಿಳಿಯಬೇಕು. ತಿಳಿಯದಿದ್ದರೆ ಮೊದಲು ಪರೀಕ್ಷೆಯಾಗಬೇಕಾದುದು ಕಿವಿ. ಸರಿಯಾಗಿ ಕೇಳದ ಮಗು ಸರಿಯಾಗಿ ನುಡಿಯುವುದಾದರೂ ಹೇಗೆ?

ಗಡಿನಾಡಿನಲ್ಲಿ ಇದರ ಉಲ್ಟಾ ತಪ್ಪೂ ನಡೆಯಬಲ್ಲದು, ಅದೇ ಹೆಚ್ಚು ದುಬಾರಿ. ಕನ್ನಡ ಮಾಧ್ಯಮದ ಮಗು, ಅದಕ್ಕೇ ತಡವರಿಸುತ್ತದೆ ಎಂದು ತಳ್ಳಿಹಾಕಿದಲ್ಲಿ, ಕೇಳದ ಕಿವಿಯೊಡನೆ ಮಗು ತರಗತಿಯಿಂದ ತರಗತಿಗೆ ಸಾಗುತ್ತದೆ. ಭಾಷೆ ಕೂಡುವ ಎಳೆಯ ವರ್ಷಗಳು ಕಳೆದುಹೋಗುತ್ತವೆ. ಎರಡು ಭಾಷೆ ಬೆರೆತದ್ದರಿಂದ ಕಿವುಡಾಗಲಿ ಉಗ್ಗಾಗಲಿ ಬರುವುದಿಲ್ಲ. ಮಗುವಿಗಾಗಿ ಮನೆಯ ಕನ್ನಡವನ್ನು ಬಿಡಬೇಕಾದ ಕಾರಣವೂ ಇಲ್ಲ.

ಚಿಕಿತ್ಸೆ ನೀಡುವವರು 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಧಾಟಿ ಕಲಿಸಲು ಫಲಕ ತೂಗುಹಾಕುವವರಿಗೆ ಅಂತಹ ಕಟ್ಟಳೆಯಿಲ್ಲ. ಶುಲ್ಕ ಕಟ್ಟುವ ಮುನ್ನ ನೋಂದಣಿ ಸಂಖ್ಯೆಯನ್ನು ಕೇಳುವುದು ಪೋಷಕರ ಹಕ್ಕು. ಕನ್ನಡದಲ್ಲಿಯೇ ಪರೀಕ್ಷಿಸುವ ತಜ್ಞರು 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿದ್ದಾರೆ. ಮೈಸೂರು ದೂರವೆನ್ನುವವರಿಗೆ ಸರ್ಕಾರಿ ಶಾಲೆ, ಅಂಗನವಾಡಿಗಳ ಮಕ್ಕಳನ್ನು ಪರೀಕ್ಷಿಸಲು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಶ್ರವಣದೋಷ, ಸೀಳುತುಟಿ, ಮಾತು ತಡವಾಗುವುದು ಎಲ್ಲವೂ ಅದರ ಪಟ್ಟಿಯಲ್ಲಿವೆ. ತಂಡ ಶಾಲೆಗೆ ಬರುವ ದಿನವನ್ನು ಮುಖ್ಯೋಪಾಧ್ಯಾಯರಿಂದ ತಿಳಿದುಕೊಂಡು ಅಂದು ತಾಯಿಯೋ ತಂದೆಯೋ ಜೊತೆಗಿದ್ದರೆ, ಮಗು ಮನೆಯಲ್ಲಿ ಯಾವ ಮಾತನ್ನು ಹೇಗೆ ಆಡುತ್ತದೆಂಬುದನ್ನು ವೈದ್ಯರಿಗೆ ಕನ್ನಡದಲ್ಲಿಯೇ ಹೇಳಬಹುದು.