ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಬೇಡಿ



ಹಳೆಯ ಕಟ್ಟಡದ ದುರಸ್ತಿ ಎಂದರೆ ಬಿರುಕಿಗೆ ಸಿಮೆಂಟ್, ಮೇಲೊಂದು ಕೋಟ್ ಬಣ್ಣ, ಎದುರಿಗೊಂದು ಸೆಲ್ಫಿ ಪಾಯಿಂಟ್ ಎಂಬ ರೂಢಿ ನಮ್ಮ ಭಾಗದಲ್ಲಿ ಬೇರೂರಿದೆ. ಥಾಣೆಯ ಮಾಸುಂದಾ ಕೆರೆ ಬಳಿಯ ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್ ಚರ್ಚಿನ ಮೂಲ ಪೋರ್ಚುಗೀಸರ ಕಾಲದ್ದು. ಕಲ್ಯಾಣದ ದುರ್ಗಾಡಿ, ನವಿಮುಂಬಯಿಯ ಬೇಲಾಪುರ ಕೋಟೆಗಳೂ ಸಿಮೆಂಟ್ ಹುಟ್ಟುವ ಮೊದಲಿನವು. ಸುಣ್ಣದ ಗಾರೆ ಮಳೆನೀರನ್ನು ಹೀರಿ ಬಿಸಿಲಿಗೆ ಹೊರಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಸಿಮೆಂಟಿನ ಗಿಲಾಯಿ ಕಿತ್ತಾಗ ಹಿಂದಿನ ಗಾರೆ ಒದ್ದೆ ಪುಡಿಯಾಗಿ ಕೈಗೆ ಬರುತ್ತದೆ. ಹೊರಗಿನಿಂದ ಗೋಡೆ ಮಾತ್ರ ಗಟ್ಟಿಮುಟ್ಟು!

ಇಂಥ ಗೋಡೆ ಭೂಕಂಪ ತಾಳದು ಎಂದರೆ, ಇಲ್ಲೆಲ್ಲಿಯ ಭೂಕಂಪ ಎನ್ನುವವರಿದ್ದಾರೆ. ಥಾಣೆ ಭೂಕಂಪದ ಮೂರನೇ ವಲಯದಲ್ಲಿದೆ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾ ನಡುಗಿದ್ದು ಮುಂಬಯಿಗೂ ತಟ್ಟಿತ್ತು. 2014ರವರೆಗೆ ಥಾಣೆ ಜಿಲ್ಲೆಯಲ್ಲೇ ಇದ್ದ ಡಹಾಣೂ, ತಲಾಸರಿಗಳಲ್ಲಿ 2018ರ ನವೆಂಬರಿನಿಂದ ಸಣ್ಣಪುಟ್ಟ ಕಂಪನಗಳ ಸರಣಿಯೇ ಶುರುವಾಯಿತು. 1993ರ ಕಿಲ್ಲಾರಿ ಭೂಕಂಪದಲ್ಲಿ ಸುಮಾರು 8,000 ಜನ ಸತ್ತರು. ಅಲ್ಲಿನ ದಪ್ಪ ಕಲ್ಲುಗೋಡೆಗಳಲ್ಲಿ ಈ ಮುಖದಿಂದ ಆ ಮುಖಕ್ಕೆ ಹಾಯುವ ಉದ್ದಗಲ್ಲುಗಳಿರಲಿಲ್ಲ. ಎರಡು ಪದರ ಬಿಟ್ಟುಕೊಂಡು ಮಲಗಿದವರ ಮೇಲೆಯೇ ಕುಸಿದವು.

ಬಿದ್ದ ಮೇಲೆ ಕಟ್ಟೋಣವೆಂದರೆ? ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಕೆಥೆಡ್ರಲ್ ಗೋಡೆಗಳೂ ಹೊರಗೆ ಕೆತ್ತಿದ ಕಲ್ಲು, ಒಳಗೆ ತುಂಡುಕಲ್ಲು ತುಂಬಿದವು. 2011ರ ಫೆಬ್ರವರಿ 22ರ ಭೂಕಂಪಕ್ಕೆ ಅದರ ಗೋಪುರ ಉರುಳಿತು. ಕೆಡವಬೇಕೋ ಉಳಿಸಬೇಕೋ ಎಂದು ಕೋರ್ಟ್ ಮೆಟ್ಟಿಲೇರಿ, ಜೀರ್ಣೋದ್ಧಾರದ ತೀರ್ಮಾನವಾಗುವಷ್ಟರಲ್ಲಿ 2017 ಬಂತು. 2024ರಲ್ಲಿ ದುಡ್ಡು ಸಾಲದೆ ಕೆಲಸವೇ ನಿಂತಿತು. ಅಷ್ಟು ಅನುಕೂಲವಿರುವ ದೇಶದ ಪಾಡು ಇದಾದರೆ, ಅತಿ ಕಡಿಮೆ ಟೆಂಡರಿಗೆ ಕೆಲಸ ವಹಿಸುವ ನಮ್ಮ ಪಾಲಿಕೆಗಳನ್ನು ನಂಬಿ ಕೂರುವುದು ಹೇಗೆ?

ಥಾಣೆ, ಕಲ್ಯಾಣ-ಡೊಂಬಿವಲಿ, ನವಿಮುಂಬಯಿ ಪಾಲಿಕೆಗಳು ಮತ್ತು ನಗರಾಭಿವೃದ್ಧಿ ಸಂಸ್ಥೆ ಸಿಡ್ಕೊ ಒಟ್ಟಾಗಿ ಇಲ್ಲಿನ ಹಳೆಯ ಕಟ್ಟಡಗಳ ಅಳತೆ, ನಕ್ಷೆ, ಫೋಟೊಗಳನ್ನು ಈಗಲೇ ದಾಖಲಿಸಲಿ. ಗೋಪುರ, ಮಾಡು, ಗೋಡೆಗಳನ್ನು ಒಂದಕ್ಕೊಂದು ಬಿಗಿಯುವ ಕೆಲಸ ಬಣ್ಣಕ್ಕಿಂತ ಮೊದಲಾಗಲಿ. ಸುಣ್ಣದ ಕೆಲಸ ಬಲ್ಲ ಗಾರೆಯವರು ಬೇಕೆಂದು ಟೆಂಡರಿನಲ್ಲೇ ಬರೆಯಲಿ. ಚರ್ಚು, ದೇವಳ, ಮಸೀದಿಗಳ ಆಡಳಿತದವರೂ ಮುಂದಿನ ಮಳೆಗಾಲದೊಳಗೆ ತಮ್ಮ ಗೋಡೆಗಳನ್ನು ಪರಿಣತರಿಂದ ಪರೀಕ್ಷಿಸಿಕೊಳ್ಳಬೇಕೆಂದು ವಿನಂತಿ.

– ಓದುಗ, ಡೊಂಬಿವಲಿ ಪೂರ್ವ